ಹಾಲಿನ ಸಾಲಿನಲ್ಲೊಂದು ಮಾತ್ರೆ

ಆಲೂರು ಕಡೆಯ ಪಾಳ್ಯದಿಂದ ಎರಡು ಮೈಲಿ ಒಳಗಿರುವ ಹಾಲಿನ ಡೇರಿಯ ಬಾಗಿಲು ತೆರೆಯುವಾಗ ಮಂಜು ಇನ್ನೂ ಗದ್ದೆಯ ಮೇಲೆ ಮಲಗಿರುತ್ತದೆ. ಆರು ಗಂಟೆ ಹತ್ತು ನಿಮಿಷ. ಮೊದಲು ಕ್ಯಾನಿನ ಸದ್ದು ಬರುತ್ತದೆ, ಆಮೇಲೆ ಕೆಮ್ಮು, ಕೊನೆಗೆ ಮನುಷ್ಯರು. ಕೆಮ್ಮು ಕೇಳಿಯೇ ಯಾರೆಂದು ಹೇಳಬಲ್ಲ ಕಾರ್ಯದರ್ಶಿ ಶಿವಲೀಲಾ, ಹಾಲನ್ನು ಫ್ಯಾಟ್ ಅಳೆಯುವ ಮೆಷಿನ್ನಿಗೆ ಹಿಡಿಯುತ್ತಾ ತಲೆಯೆತ್ತಿ ಕೇಳುತ್ತಾರೆ: "ಎಲ್ಲಿ, ಬಾಯಿ ತೆಗಿ ನೋಡಣ. ನುಂಗಿದ್ಯಾ?"

ಅವರ ಮೇಜಿನ ಮೇಲೊಂದು ಹಳೆಯ ಮರದ ಪೆಟ್ಟಿಗೆ. ಹಾಲು ಪರೀಕ್ಷೆಯ ಗಾಜಿನ ಕೊಳವೆಗಳು ನಿಲ್ಲುತ್ತಿದ್ದ ಅದರ ಖಾನೆಗಳಲ್ಲಿ ಈಗ ಹನ್ನೊಂದು ಜನರ ಮಾತ್ರೆ ಶೀಟುಗಳಿವೆ. ಈ ಹನ್ನೊಂದು ಮಂದಿಯೂ ಒಮ್ಮೆ ಎದೆ ಹಿಡಿದುಕೊಂಡು ಆಸ್ಪತ್ರೆ ಸೇರಿ, ಬದುಕಿ ಬಂದವರು. ರಕ್ತದ ಕೊಬ್ಬು ಇಳಿಸುವ ಈ ಮಾತ್ರೆಯನ್ನು ಇರುವಷ್ಟು ದಿನವೂ ಬಿಡಬಾರದು ಎಂದು ವೈದ್ಯರಿಂದ ಹೇಳಿಸಿಕೊಂಡವರು. ಅಜ್ಜಿಯರ ಕಥೆಯಲ್ಲಿ ರಾಕ್ಷಸನ ಜೀವ ಏಳು ಸಮುದ್ರದಾಚೆಯ ಗಿಳಿಯೊಳಗೆ ಇರುತ್ತಿತ್ತು. ಇವರ ಜೀವ ಡೇರಿಯ ಮೇಜಿನ ಮೇಲೆ, ಕೈಗೆಟುಕುವಷ್ಟು ಹತ್ತಿರದಲ್ಲಿದೆ.

ಪೆಟ್ಟಿಗೆ ಶಿವಲೀಲಾರ ಅಪ್ಪನದು. ಮೆಷಿನ್ನು ಬರುವ ಮೊದಲು ಅಪ್ಪ ಶಾಂತಮಲ್ಲಪ್ಪನವರೇ ಇಲ್ಲಿ ಹಾಲು ಪರೀಕ್ಷಕರು. ಕ್ಯಾನಿನ ಮೇಲೆ ಬಗ್ಗಿ ಒಮ್ಮೆ ಮೂಸಿದರೆ ಸಾಕು, ಹಸು ನಿನ್ನೆ ಏನು ಮೇಯ್ದಿತ್ತೆಂದು ಹೇಳುತ್ತಿದ್ದರಂತೆ. ಶಿವಲೀಲಾಗೆ ಇವತ್ತಿಗೂ ಬಿಸಿ ಹಾಲಿನ ವಾಸನೆಯೆಂದರೆ ಅಪ್ಪನ ಕಂಬಳಿಯ ವಾಸನೆಯೇ. "ಚಿಕ್ಕೋಳಿದ್ದಾಗ ಆ ಕಂಬ್ಳಿ ಒಳಗೇ ಕುಂತ್ಕಂಡು ಬರ್ತಿದ್ದೆ. ನೊರೆ ತೆಗ್ದು ನನ್ ಮೂಗಿಗೆ ಹಚ್ಚೋರು," ಎಂದು ನಗುತ್ತಾರೆ.

ಒಂಬತ್ತು ವರ್ಷದ ಹಿಂದೆ ಅಪ್ಪ ಹಾಸನದ ಆಸ್ಪತ್ರೆಯಿಂದ ಮರಳಿದಾಗ ಎಂಟು ತಿಂಗಳು ಸರಿಯಾಗಿ ಮಾತ್ರೆ ನುಂಗಿದರು. ನೋವಿಲ್ಲ, ಸುಸ್ತಿಲ್ಲ, ಗುಡ್ಡ ಹತ್ತಿದರೂ ಉಸಿರು ಕಟ್ಟುವುದಿಲ್ಲ. ಇನ್ನೇಕೆ ಎಂದು ಸುಮ್ಮನಾದರು. ಮರುವರ್ಷ ನಾಟಿ ಗದ್ದೆಯಲ್ಲಿ ಮತ್ತೆ ಎದೆ ಹಿಡಿಯಿತು. ಆಲೂರು ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು. ದೇವರ ಗೂಡಿನ ಹಿಂದೆ ಒಡೆಯದ ಏಳು ಶೀಟು ಸಿಕ್ಕವು.

"ಜ್ವರದ ಮಾತ್ರೆ ಥರ ಅಂದ್ಕಂಡ್‌ಬುಟ್ಟಿದ್ರು. ನಂಗೂ ಆಗ ಗೊತ್ತಿರ್ಲಿಲ್ಲ ಕಣ್ರೀ. ಆದ್ರೆ ನಮ್ಮಪ್ಪ ಮಾತ್ರೆ ಮರ್ತ್ರು, ಡೇರಿ ಮರ್ತಿದ್ದು ಒಂದಿನ ಇಲ್ಲ. ಎರಡು ವರ್ಷ ಕಳೆದ್ಮೇಲೆ ಹೊಳೀತು, ಮಾತ್ರೆನೇ ಡೇರಿಗೆ ತಂದಿಟ್ರೆ?"

ಆರೋಗ್ಯ ಕೇಂದ್ರದ ವೈದ್ಯರು ಒಬ್ಬೊಬ್ಬರ ಚೀಟಿ ನೋಡಿ ಒಪ್ಪಿಗೆ ಕೊಟ್ಟರು. ಇವರ ಮಾತ್ರೆಯನ್ನು ರಾತ್ರಿಯೇ ನುಂಗಬೇಕೆಂದಿಲ್ಲ, ದಿನ ತಪ್ಪದಿದ್ದರಾಯಿತು ಎಂದರು. ಈಗ ನೂರಾ ಮೂವತ್ತೆಂಟು ಜನ ಹಾಲು ಹಾಕುವ ಸಾಲಿನಲ್ಲಿ ಹತ್ತು ಜನ ಒಂದು ಗಳಿಗೆ ಹೆಚ್ಚು ನಿಲ್ಲುತ್ತಾರೆ. ಹನ್ನೊಂದನೆಯವರು ಆಲೂರಿನಿಂದ ಹಾಲಿನ ಗಾಡಿ ತರುವ ಖಲಂದರ್. "ಹಸುಗೆ ಫ್ಯಾಟ್ ಬಂದ್ರೆ ದುಡ್ಡು, ನಮಗೆ ಬಂದ್ರೆ ಆಸ್ಪತ್ರೆ. ಏನು ನ್ಯಾಯ ಸೆಕ್ರೆಟ್ರಮ್ಮ ಇದು?" ಎಂದು ಅವರು ಕೇಳದ ದಿನವಿಲ್ಲ. "ಮೊದ್ಲು ನುಂಗಣ್ಣ, ನ್ಯಾಯ ಆಮೇಲೆ," ಎನ್ನುತ್ತಾರೆ ಶಿವಲೀಲಾ.

ಹೀಗೆ ಆರು ವರ್ಷ ಸುಸೂತ್ರವಾಗಿ ನಡೆದದ್ದು ಹೋದ ತಿಂಗಳು ಗುರುಶಾಂತಮ್ಮನ ಖಾನೆಯಲ್ಲಿ ಎಡವಿತು. ಅರವತ್ತಮೂರರ ಗುರುಶಾಂತಮ್ಮ ಏರಿನ ಮೇಲಿನ ಮನೆಯವರು. ಎರಡು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು. ಅವರ ಒಂದೇ ಹಸು ತುಂಬು ಗಬ್ಬ. ಕರು ಹಾಕುವವರೆಗೆ ಎರಡು ತಿಂಗಳು ಕರೆಯುವಂತಿಲ್ಲ. ಹಾಲು ನಿಂತಿತು, ಗುರುಶಾಂತಮ್ಮ ಡೇರಿಗೆ ಬರುವುದೂ ನಿಂತಿತು. ನಾಲ್ಕು ದಿನವಾದರೂ ಶೀಟಿನ ಮಾತ್ರೆ ಕಡಿಮೆಯಾಗದ್ದು ಶಿವಲೀಲಾರ ಕಣ್ಣಿಗೆ ಬಿತ್ತು. ಹಸುವಿನ ಹಾಲು ನಿಂತರೆ ಮನುಷ್ಯರ ಮಾತ್ರೆಯೂ ನಿಂತೀತೆಂದು ಅವರು ಎಣಿಸಿಯೇ ಇರಲಿಲ್ಲ.

ಡೇರಿ ಮುಚ್ಚಿ ಏರು ಹತ್ತಿದರು. ಗುರುಶಾಂತಮ್ಮ ಹಾಲಿಲ್ಲದ ಕಾಫಿ ಕುಡಿಯುತ್ತಾ ಜಗಲಿಯಲ್ಲಿ ಕೂತಿದ್ದರು. "ಬರಿಗೈಲಿ ಡೇರಿ ಮುಂದೆ ನಿಂತ್ಕಳಕ್ಕಾಯ್ತದೇನೆ? ಮೂವತ್ತು ವರ್ಷ ಹಾಲು ಹಾಕಿರೋಳು ನಾನು. ಶೀಟು ಕೊಟ್ಟೋಗು, ಇಲ್ಲೇ ನುಂಗ್ತೀನಿ."

ಕೊಟ್ಟು ಬಂದರು. ವಾರ ಬಿಟ್ಟು ಹೋಗಿ ನೋಡಿದರೆ ಒಂದೇ ಒಂದು ಮಾತ್ರೆ ಖಾಲಿಯಾಗಿತ್ತು. "ನೋವೇನೂ ಇಲ್ವಲ್ಲೇ ಮಗಾ," ಎಂದರು ಗುರುಶಾಂತಮ್ಮ. ಅದೇ ಮಾತು, ಅಪ್ಪನ ಬಾಯಿಂದಲೇ ಬಂದಂತೆ. "ನೋವಿಲ್ದೇ ಇರೋದೇ ಈ ಮಾತ್ರೆಯಿಂದ ಇರ್ಬೋದು ದೊಡ್ಡವ್ವ," ಎಂದಷ್ಟೇ ಹೇಳಿ, ಮಾರನೆಯ ದಿನದಿಂದ ಶಿವಲೀಲಾ ತಾವೇ ಮಾತ್ರೆ ಹಿಡಿದು ಏರು ಹತ್ತತೊಡಗಿದರು. ಐನೂರು ಲೀಟರ್ ಅಳೆದು, ಕ್ಯಾನು ತೊಳೆದು, ಆಮೇಲೆ ಆ ಏರು. ಹತ್ತೊಂಬತ್ತು ದಿನ.

ಇಪ್ಪತ್ತನೆಯ ಬೆಳಿಗ್ಗೆ ಮಂಜಿನೊಳಗಿಂದ ಕ್ಯಾನಿನ ಸದ್ದಿಲ್ಲದೆ ಕೆಮ್ಮೊಂದೇ ಬಂತು. ಸೆರಗಿನಡಿ ಸಣ್ಣದೊಂದು ಖಾಲಿ ಚೊಂಬು ಮುಚ್ಚಿಕೊಂಡು ಗುರುಶಾಂತಮ್ಮ ಸಾಲಿನ ಕೊನೆಗೆ ನಿಂತರು. ಮುಂದೆ ಬನ್ನಿ ಎಂದು ಯಾರೋ ದಾರಿ ಬಿಟ್ಟರೆ, "ಸಾಲು ಅಂದ್ರೆ ಸಾಲು, ಸುಮ್ನಿರ್ರೋ," ಎಂದು ಗದರಿದರು. ಸರದಿ ಬಂದಾಗ ಚೊಂಬು ಮೇಜಿನ ಮೇಲೆ ಕುಕ್ಕಿದರು. "ಕಾಫಿಗೆ ಕಾಲು ಲೀಟ್ರು ಹಾಲು ಅಳಿ, ದುಡ್ ಕೊಡ್ತೀನಿ. ನೀನು ಏದುಸಿರು ಬುಟ್ಕಂಡು ಹತ್ತೋದ ನೋಡಕ್ಕಾಗದೆ ಬಂದೆ. ನಿಂಗೇ ಎದೆನೋವು ಬಂದ್ರೆ ನಂಗ್ಯಾರೇ ಮಾತ್ರೆ ಕೊಡೋರು?"

ಸಾಲಿಗೆ ಸಾಲೇ ನಕ್ಕಿತು. ಶಿವಲೀಲಾ ಮಾತ್ರ ಹಾಲು ಅಳೆಯುವ ನೆಪದಲ್ಲಿ ತಲೆ ಬಗ್ಗಿಸಿದರು.

ಈಗ ಯಾರ ಹಸು ಗಬ್ಬವಾಗಿದೆ, ಯಾವಾಗ ಅದರ ಹಾಲು ನಿಲ್ಲುತ್ತದೆ ಎಂಬುದನ್ನೂ ಶೀಟಿನ ಮೇಲೆ ಬರೆದಿಡುತ್ತಾರೆ. ಈ ಕೆಲಸಕ್ಕೆ ಸಂಬಳವಿಲ್ಲ; ಊರಾಚೆ ಯಾರಿಗೂ ಗೊತ್ತಿಲ್ಲ. ಏನಾದರೂ ಆಸೆಯಿದೆಯೇ ಎಂದರೆ ಒದ್ದೆ ಕೈ ಸೆರಗಿಗೆ ಒರೆಸುತ್ತಾ ಯೋಚಿಸುತ್ತಾರೆ.

"ನಂಗೇನ್ ಆಸೆ ಕಣ್ರೀ? ಹಾಲು ಇರ್ಲಿ, ಬಿಡ್ಲಿ. ಬರಿಗೈಲಾದ್ರೂ ಸರಿ, ದಿನಾ ಬರ್ಲಿ."