ನೋಡದೆ ಹಾಕಿದ ಸಹಿ

ಲೇತಿನಲ್ಲಿ ತಿರುಗುವ ಹಾಲೆ ಮರಕ್ಕೆ ಬಣ್ಣದ ಅರಗಿನ ಕಡ್ಡಿ ತಾಗಿಸಿದಾಗ ಒಂದು ವಾಸನೆ ಏಳುತ್ತದೆ ನೋಡಿ, ಅರ್ಧ ಸಿಹಿ, ಅರ್ಧ ಸುಟ್ಟದ್ದು. ಐವತ್ತು ವರ್ಷ ಮೂಗಿಗೆ ತಾಗದೇ ಹೋದ ಆ ವಾಸನೆ ಈಗೀಗ ನನ್ನನ್ನು ಕುಣಿಸುತ್ತದೆ. ಇಂದು ಬೆಳಿಗ್ಗೆಯೂ ಹಾಗೇ ಆಯಿತು. ಯಾಕೆಂದು ಹೇಳಬೇಕಾದರೆ ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು.

ನಾನು ಎಸ್ಸೆಸ್ಸೆಲ್ಸಿ ಪಾಸು. ಚನ್ನಪಟ್ಟಣದ ನಮ್ಮ ಬೀದಿಯ ಬೊಂಬೆ ಕೆಲಸದವರಲ್ಲಿ ನನ್ನಷ್ಟು ಚೆಂದ ಸಹಿ ಮಾಡುವವರಿಲ್ಲ ಎಂದು ನಾನೇ ತೀರ್ಮಾನಿಸಿದ್ದೆ. ಠಾಣೆಯಲ್ಲಿದ್ದ ಗೆಳೆಯನೊಬ್ಬ, "ಬಾರಣ್ಣ, ಮಹಜರಿಗೊಂದು ಸೈನ್ ಆಕ್ಬುಟ್ಟು ಹೋಗು" ಎಂದು ಕರೆಯುತ್ತಿದ್ದ. ಮಹಜರೆಂದರೆ, ಕಳವಿನ ಮಾಲು ಸಿಕ್ಕಿದ್ದನ್ನು ಕಣ್ಣಾರೆ ಕಂಡೆವು ಎಂದು ಇಬ್ಬರು ಸಾಕ್ಷಿಗಳು ಬರೆದುಕೊಡುವ ಕಾಗದ. ನಾನು ಕಣ್ಣಾರೆ ಕಂಡದ್ದು ಅವನು ತರಿಸಿದ ಟೀ ಲೋಟ ಮಾತ್ರ. ಹಾಳೆ ಎಷ್ಟೋ ಸಲ ಖಾಲಿಯೇ ಇರುತ್ತಿತ್ತು. ಸಹಿ ಹಾಕಿ, ಮೀಸೆ ತಿರುವಿಕೊಂಡು ಮನೆಗೆ ಬರುತ್ತಿದ್ದೆ.

ಎರಡು ವರ್ಷದ ಹಿಂದೆ ಸವಿತಾ ಎಂಬ ಹೆಣ್ಣುಮಗಳು ಬಂದಳು. ಪೊಲೀಸ್ ಕೇಸಿಗೆ ಸಿಕ್ಕ ಹದಿಹರೆಯದವರಿಗೆ ಚಿತ್ರ, ಹಾಡು, ಕರಕುಶಲ ಕಲಿಸುವ ಕೆಲಸ ಅವಳದು. "ಶನಿವಾರ ಬೊಂಬೆ ಮಾಡೋದು ಹೇಳ್ಕೊಡ್ತೀರಾ ಅಪ್ಪಾಜಿ?" ಎಂದಳು. ಮೇಷ್ಟ್ರು ಅನ್ನಿಸಿಕೊಳ್ಳುವ ಆಸೆಗೆ ಒಪ್ಪಿದೆ. ಮೊದಲ ಶನಿವಾರ ಒಳ್ಳೆಯ ಉಳಿಗಳನ್ನೆಲ್ಲ ಅಟ್ಟದ ಮೇಲೆ ಬಚ್ಚಿಟ್ಟೆ. ಅಂಥ ಮೇಷ್ಟ್ರು ನಾನು!

ಬಂದವರಲ್ಲಿ ಅಕ್ಕೂರಿನ ಮಾದೇಶನೊಬ್ಬ. ಹದಿನೇಳು ವರ್ಷ. ಮಾತು ಕಡಿಮೆ, ಕೈಯೋ ಅಬ್ಬಬ್ಬಾ! ಗಿಲಕಿಯ ಮೈಮೇಲೆ ರೇಷ್ಮೆ ಎಳೆಯಷ್ಟು ಸಣ್ಣ ಹಳದಿ ಗೆರೆ ತೆಗೆಯಲು ನನಗೆ ಮೂರು ವರ್ಷ ಹಿಡಿದಿತ್ತು. ಅವನು ಮೂರೇ ತಿಂಗಳಲ್ಲಿ ತೆಗೆದ. ಆ ದಿನ ಬೀದಿಯವರನ್ನೆಲ್ಲ ಕೂಗಿ ಕರೆದು ತೋರಿಸಿದೆ. ಅಟ್ಟದ ಉಳಿಗಳೂ ಕೆಳಗಿಳಿದವು.

ಅದೇ ಸಂಜೆ, ಸವಿತಾ ಬಾರದ್ದರಿಂದ, ಕೋರ್ಟಿಗೆ ತೋರಿಸುವ ಅವನ ಹಾಜರಿ ಕಾರ್ಡಿಗೆ ಮೊದಲ ಸಲ ನಾನೇ ಸಹಿ ಹಾಕಿದೆ. ನೋಡಿಯೇ ನೋಡಿದ.

"ತಾತ, ಈ ಸೈನು ನಮ್ಮನೇಲೂ ಐತೆ."

"ಏನ್ಲಾ, ನಿಮ್ಮನೆ ಗೋಡೆ ಮೇಲೆ ಬರ್ದಿವ್ನಾ ನಾನು?"

ಮುಂದಿನ ಶನಿವಾರ ಅವನ ಕೇಸಿನ ಮಹಜರಿನ ನಕಲು ತಂದ. ಕಳುವಾದ ಮೊಬೈಲು ಅವನ ಬ್ಯಾಗಿನಲ್ಲಿ ಸಿಕ್ಕಿತೆಂದು ಬರೆದಿತ್ತು. ಕೆಳಗೆ ನನ್ನ ಚೆಂದದ ಸಹಿ.

"ಅವತ್ತು ನನ್ತಾವ ಬ್ಯಾಗೇ ಇರ್ನಿಲ್ಲ. ನೀನ್ ಕಂಡ್ಯಾ?"

"ಇಲ್ಲ ಕಣಪ್ಪ."

"ಕೋರ್ಟ್‌ಗೆ ಬಂದು ಇಂಗೇ ಯೋಳ್ತೀಯಾ?"

ವಾರವೆಲ್ಲ ಒದ್ದಾಡಿದೆ. ಠಾಣೆಯ ಗೆಳೆಯನಂತೂ, "ಸುಳ್ ಸೈನ್ ಆಕ್ದೆ ಅಂತ ನಿನ್ನೇ ಒಳಿಕ್ ಆಕ್ತಾರೆ ಕಣ್ಲಾ" ಎಂದು ಹೆದರಿಸಿದ. ಆದರೆ ಗಿಲಕಿಯ ಆ ಹಳದಿ ಗೆರೆ ಕಣ್ಣಿಂದ ಹೋಗಲೊಲ್ಲದು.

ರಾಮನಗರದಲ್ಲಿ ಬಾಲ ನ್ಯಾಯ ಮಂಡಳಿಯ ಮುಂದೆ ಹೋಗಿ ನಿಂತೆ. "ನಾನು ಏನೂ ನೋಡಿಲ್ಲ ತಾಯಿ. ಖಾಲಿ ಹಾಳೆಗೆ ಸಹಿ ಹಾಕಿದೆ" ಎಂದೆ. ಮ್ಯಾಜಿಸ್ಟ್ರೇಟ್ ಮೇಡಂ ಚೆನ್ನಾಗಿ ಉಗಿದರು. ಬೈಗುಳ ಅಷ್ಟು ಹಿತವಾಗಿರುತ್ತದೆಂದು ಗೊತ್ತಿರಲಿಲ್ಲ! ಆ ಸಂಭ್ರಮದಲ್ಲಿ ಮಾದೇಶನನ್ನೂ ಎಳೆದುಕೊಂಡು ಯಾವುದೋ ಬಸ್ಸು ಹತ್ತಿದೆ. ಅದು ನಮ್ಮೂರ ದಿಕ್ಕು ಬಿಟ್ಟು ಬಿಡದಿಗೆ ಹೋಯಿತು. ಇಬ್ಬರೂ ತಟ್ಟೆ ಇಡ್ಲಿ ತಿಂದು ವಾಪಸು ಬಂದೆವು.

ಹೋದ ವಾರ ಮಾದೇಶನ ಕೇಸು ವಜಾ ಆಯಿತು. ಇನ್ನು ಕಾರ್ಡಿಲ್ಲ, ಬರಲೇಬೇಕೆಂದಿಲ್ಲ. ಇಂದು ಬೆಳಿಗ್ಗೆ ನೋಡಿದರೆ ನನಗಿಂತ ಮೊದಲೇ ಬಂದು ಲೇತ್ ಹಾಕಿದ್ದಾನೆ, ಅರಗಿನ ವಾಸನೆ ಬಾಗಿಲಿಗೇ ಬರುತ್ತಿದೆ! ಪಕ್ಕದಲ್ಲಿ ಶನಿವಾರದ ತರಗತಿಗೆ ಹೊಸಬರಿಬ್ಬರು, ಮಾಗಡಿಯ ಹುಡುಗ, ಕೈಲಾಂಚದ ಹುಡುಗಿ. ಅವನು ಎರಡು ಕಾಗದ ಚಾಚಿದ.

"ಇವ್ರ ಮಹಜರು. ನಿನ್ ಸೈನ್ ಐತಾ ನೋಡು ತಾತ."

ಕನ್ನಡಕ ಒರೆಸಿಕೊಂಡೆ. ಹುಡುಗನದರಲ್ಲಿ ಇರಲಿಲ್ಲ. ಹುಡುಗಿಯದರಲ್ಲಿ ಇತ್ತು, ಮಂಡಳಿಗೆ ಹೋಗುವ ಮೊದಲು ಹಾಕಿದ್ದು.

"ಯಾವತ್ತಮ್ಮ ನಿನ್ ಕೇಸು?"

"ಸೋಮವಾರ ತಾತ."

ಸೋಮವಾರ ಇನ್ನೂ ಎರಡು ದಿನವಿದೆ. ಮೇಡಂ ಹತ್ತಿರ ಇನ್ನೊಮ್ಮೆ ಉಗಿಸಿಕೊಳ್ಳಲು ಅಲ್ಲಿಯವರೆಗೆ ತಡೆದುಕೊಳ್ಳುವುದೇ ನನಗೆ ಕಷ್ಟವಾಗಿದೆ.