ಸಮಿತಿಯ ನೀಲಕ್ಕ

ಹೊಳನಗದ್ದೆಯ ನೀಲಕ್ಕನ ಅಜ್ಜ ಹಳ್ಳ ದಾಟಲು ಮರದ ಸಂಕ ಹಾಕಿಸಿದವ, ಅಪ್ಪ ಕಲೆಕ್ಟರರ ಜೀಪಿಗೆ ಅಡ್ಡ ಕೂತು ಊರಿಗೆ ಆಸ್ಪತ್ರೆ ತರಿಸಿದವ. ಶಾಸಕಿಯಾದ ನೀಲಕ್ಕ ಈಗ ಹೊಸ ಆರೋಗ್ಯ ವಿಮೆ ಜನರಿಗೆ ಸಿಗುತ್ತಿದೆಯೇ ಎಂದು ನೋಡುವ ವಿಧಾನಸಭೆಯ ಸಮಿತಿಯಲ್ಲಿದ್ದಾಳೆ. ಉಳಿದ ಸದಸ್ಯರು ಪ್ರವಾಸಿ ಮಂದಿರದಲ್ಲಿ ಗೋಡಂಬಿ ಮೆಲ್ಲುತ್ತ ವರದಿ ಕೇಳಿದರೆ, ಇವಳು ಭಟ್ಕಳದಿಂದ ಕುಮಟೆಯವರೆಗೆ ಆಸ್ಪತ್ರೆಯ ಬೆಂಚುಗಳ ಮೇಲೆ ಕೂತು, "ಕಾರ್ಡು ನಡೀತಾ? ದುಡ್ಡು ಕೇಳಿದ್ರಾ?" ಎಂದು ರೋಗಿಗಳನ್ನೇ ವಿಚಾರಿಸುತ್ತಾಳೆ. ಅವಳ ಚಪ್ಪಲಿಯ ಸಪ್ಪಳಕ್ಕೆ ಮಲಗಿದ ಕಂಪ್ಯೂಟರಿಗೂ ಎಚ್ಚರವಾಗುತ್ತದೆ. ವಿಮೆಯ ಕಿಟಕಿಯೆದುರಿನ ಸಾಲು ಈಗ ಮೊದಲಿನ ಅರ್ಧವೂ ಇಲ್ಲ. ಮೊನ್ನೆ ತನ್ನದೇ ಮೊಣಕಾಲಿನ ಆಪರೇಷನ್ನಿಗೆ ವಿಮೆಯ ಒಪ್ಪಿಗೆ ಕೇಳಲು ಆಸ್ಪತ್ರೆಗೆ ಬಂದವಳು, ನೋವಿಗೆ ಹಲ್ಲು ಕಚ್ಚಿ ಆ ಸಾಲಿನ ಕೊನೆಗೆ ನಿಂತಳು. ಡಾಕ್ಟರು ಓಡಿ ಬಂದು ಒಳಗೆ ಕರೆದರು. "ಬ್ಯಾಡ ಡಾಕ್ಟ್ರೆ, ಮುಂದಿನವ್ರದ್ದೆಲ್ಲ ಆತು ಅಂದ್ಮೇಲೇ ನಂದು. ನೀವು ಕೈ ಹಿಡಿದು ಒಳಗೆ ಕರಕಂಡು ಹೋದ್ರೆ, ಇಲ್ಲಿ ನಿಂತವ್ರ ಕಷ್ಟ ನಾನು ಸದನದಲ್ಲಿ ಎಂತ ಅಂತ ಹೇಳುದು?"