ಮೊರದ ಕೆಳಗಿನ ನೀಲಿ

ಅತ್ತೆಯ ಬಲಗೈ ಹೆಬ್ಬೆರಳಿನ ಉಗುರು ಯಾವಾಗಲೂ ನೀಲಿ. ಸೀಗೆಪುಡಿ ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. “ಗಂಡ ಸತ್ತಾಕಿಗೆ ಬಣ್ಣ ಯಾಕ ಬೇಕು” ಎಂದು ಹೊಸಪೇಟೆಯ ನಮ್ಮ ಓಣಿಯವರು ಆಡಿಕೊಳ್ಳುತ್ತಿದ್ದರು. ಅತ್ತೆ ಬೇಕೆಂದೇ ಅದೇ ಕೈ ಆಡಿಸುತ್ತಾ ಅವರೊಡನೆ ಮಾತಿಗೆ ನಿಲ್ಲುತ್ತಿದ್ದಳು.

ಅಪ್ಪನ ತಂಗಿ ಅವಳು. ಆಗ ನಾವು ಮದರಾಸ್ ಪ್ರಾಂತ್ಯದವರು. ದೊಡ್ಡ ಓದೆಂದರೆ ಮದರಾಸು. ಅಲ್ಲಿ ಅವಳು ರಸಾಯನಶಾಸ್ತ್ರ ಓದುತ್ತಿದ್ದಾಗಲೇ ಗಂಡ ತೀರಿಕೊಂಡ. ಅಜ್ಜಿ ಅವಳನ್ನು ಮನೆಗೆ ಕರೆತಂದು ಮಾಳಿಗೆಯ ಮೇಲೆ ಸಂಡಿಗೆ ಕಾಯಲು ಕೂರಿಸಿದಳು. ಸಂಡಿಗೆಯ ಪಕ್ಕದಲ್ಲೇ ಅತ್ತೆ, ಒಂದು ಕೆಟ್ಟರೆ ಇನ್ನೊಂದಿರಲೆಂದು, ಒಂದೇ ಅಳತೆಯ ಎರಡು ಗಾಜಿನ ಬಟ್ಟಲು ಇಟ್ಟಳು. ಒಳಗೆ ನೀಲಿ ಬಣ್ಣದ ನೀರು, ಅದಕ್ಕೆ ಬಾಗಿಲಿಗೆ ಬಳಿಯುವ ಬಣ್ಣದಲ್ಲಿ ಬೆರೆಸುವ ಸತುವಿನ ಬಿಳಿ ಪುಡಿ. ಬಿಸಿಲು ಬಿದ್ದರೆ ಪುಡಿ ನೀಲಿಯನ್ನು ಮುರಿದುಹಾಕುತ್ತದೆ, ತಾನು ಮಾತ್ರ ಹಾಗೇ ಉಳಿಯುತ್ತದೆ. ಮೊದಮೊದಲು ಜೋರಾಗಿ, ನೀಲಿ ಕಡಿಮೆಯಾದಂತೆ ನಿಧಾನವಾಗಿ. ಆ ವೇಗಕ್ಕೊಂದು ಲೆಕ್ಕ ಕಟ್ಟಿದ್ದಳು. ಸಂಜೆಗೆ ಎಷ್ಟು ನೀಲಿ ಉಳಿಯಬೇಕೋ ಅಷ್ಟನ್ನು ಬೆಳಿಗ್ಗೆಯೇ ಒಂದು ಗಾಜಿನ ಲೋಟದಲ್ಲಿ ಪುಡಿ ಹಾಕದೆ ನೀರಿಗೆ ಬೆರೆಸಿ ದೇವರ ಮನೆಯ ಕತ್ತಲಲ್ಲಿ ಇಡುತ್ತಿದ್ದಳು. ಪುಡಿ ತಳಕ್ಕಿಳಿದ ಮೇಲೆ ಬಟ್ಟಲಿನ ನೀರು ಲೋಟಕ್ಕೆ ಹೊಂದಿದರೆ ಲೆಕ್ಕ ಸರಿ.

ಒಮ್ಮೆ ಅಪ್ಪನ ಸ್ನೇಹಿತರೊಬ್ಬರು, ಮದರಾಸಿನ ಪ್ರೊಫೆಸರರು, ಹಂಪಿ ನೋಡಲು ಬಂದರು. ಅವರು ಮನಸ್ಸು ಮಾಡಿದರೆ ಅತ್ತೆಗೆ ಅವರ ಲ್ಯಾಬಿನಲ್ಲಿ ಜಾಗ ಸಿಗುತ್ತಿತ್ತು. ಬೆಳಿಗ್ಗೆ ಅತ್ತೆ ಆಗಷ್ಟೇ ಇಟ್ಟ ಬಟ್ಟಲು ನೋಡಿ ನಕ್ಕರು. “ಪುಡಿ ಬಣ್ಣ ಹೀರಿಕೊಳ್ಳುತ್ತದೆ, ಅಷ್ಟೇ ತಾಯಿ. ಬಿಸಿಲಿಗೆ ಇಲ್ಲೇನು ಕೆಲಸ?”

ಅತ್ತೆ ಅವರೆದುರೇ ಲೋಟ ಬೆರೆಸಿದಳು. “ಹಂಪಿ ನೋಡ್ಕೊಂಡು ಬರ್ರಿ. ಸಂಜಿಗೆ ಹೇಳ್ತೀನಿ.”

ಅತಿಥಿಗಳ ಅಡುಗೆಯಿಂದಾಗಿ ಅಂದು ಅವಳಿಗೆ ಮತ್ತೆ ಮಾಳಿಗೆ ಹತ್ತಲಾಗಲಿಲ್ಲ. ಸಂಜೆ ಎಲ್ಲರೂ ಹೋಗಿ ನೋಡಿದರೆ ಒಂದು ಬಟ್ಟಲಿನ ಮೇಲೆ ಮೊರ ಬೋರಲು ಬಿದ್ದಿತ್ತು.

“ನೀ ಮ್ಯಾಲಿಲ್ಲಲ್ಲ, ಕಾಗಿ ಬಾಯಿ ಹಾಕ್ತಾವಂತ ಮುಂಜಾನೆನ ಮುಚ್ಚಿದ್ನೆವ್ವ,” ಎಂದಳು ಅಜ್ಜಿ. “ಇನ್ನೊಂದಕ್ಕ ಮೊರ ಸಿಗಲಿಲ್ಲ.”

ಅತ್ತೆ ಸಿಟ್ಟಿನಿಂದಲೇ ಮೊರ ಎತ್ತಿದಳು. ಕೆಳಗಿನ ನೀಲಿ ಹೆಚ್ಚುಕಡಿಮೆ ಹಾಗೇ ಇತ್ತು. ತೆರೆದ ಬಟ್ಟಲಿನದು ಲೋಟಕ್ಕೆ ಸರಿಯಾಗಿ ಹೊಂದಿತು. ಅವಳ ಸಿಟ್ಟು ಎಲ್ಲಿ ಹೋಯಿತೋ.

“ಎರಡರಾಗೂ ಒಂದ ಪುಡಿ ಐತಿ. ಹೀರಿಕೊಂಡಿದ್ರ ಮೊರದ ಕೆಳಗೂ ಹೀರಬೇಕಿತ್ತಲ್ರಿ?”

ಪ್ರೊಫೆಸರರು ಮೊರವನ್ನು ಕಾಲಿನಿಂದ ಸರಿಸಿದರು. “ಮೊರ ಇಟ್ಟುಕೊಂಡು ಮಾಡುವುದು ವಿಜ್ಞಾನವಲ್ಲ.”

ಅತ್ತೆ ಅದನ್ನೆತ್ತಿ ಕಣ್ಣಿಗೊತ್ತಿಕೊಂಡಳು. “ಅವ್ವಾ, ನಾಳಿಂದ ದಿನಾ ಒಂದನ್ನ ಮುಚ್ಚು.”

ಮದರಾಸಿನ ಜಾಗ ಅವಳಿಗೆ ಸಿಗಲಿಲ್ಲ. ಸಾಯುವವರೆಗೂ ಮಾಳಿಗೆಯ ಮೇಲೆ ಬಟ್ಟಲು ಇಟ್ಟಳು, ಲೋಟ ಬೆರೆಸಿದಳು. ಆ ಮನುಷ್ಯನ ಮೇಲೆ ನನಗಿನ್ನೂ ಸಿಟ್ಟಿದೆ. ನನ್ನನ್ನು ಓದಿಸಿದವಳು ಅವಳೇ. ಅವಳು ಕೂರಬೇಕಿದ್ದ ಜಾಗದಲ್ಲಿ ನಾನು ಕೂತೆ. ಅಜ್ಜಿಯ ಮೊರವನ್ನು ಲ್ಯಾಬಿಗೆ ತಂದು ಗೋಡೆಗೆ ತೂಗುಹಾಕಿದ್ದೇನೆ. ದೊಡ್ಡವರು ಲ್ಯಾಬ್ ನೋಡಲು ಬರುವ ದಿನ ಜೊತೆಯವರು ಅದನ್ನು ಒಳಗಿಡಿ ಎನ್ನುತ್ತಾರೆ. ನಾನು ಕೆಳಗಿಳಿಸುತ್ತೇನೆ, ಬಂದವರೆದುರೇ ಒಂದು ಬಟ್ಟಲಿನ ಮೇಲೆ ಬೋರಲು ಹಾಕುತ್ತೇನೆ.